ನಿಂತ ಮಗ್ಗ ನಿಲ್ಲಿಸುವುದು

ಜನರೇಟರಿನ ಹಿಡಿಕೆಗೆ ಕೈಹಚ್ಚಿ ನಿಂತ ಮಹಾಲಿಂಗಪ್ಪನಿಗೆ ಆ ಮುಂಜಾನೆ ಎದುರಾದದ್ದು ಸಾಮಾನ್ಯ ಪ್ರಶ್ನೆಯಲ್ಲ. ಬನಹಟ್ಟಿಯ ಹಿರಿಯರು ಯಾರೂ ಅದಕ್ಕೆ ಉತ್ತರ ಹೇಳಿಟ್ಟು ಹೋಗಿರಲಿಲ್ಲ. ನೇಕಾರ ಸತ್ತರೆ ಅವನು ದುಡಿದ ಶೆಡ್ಡಿನ ಮಗ್ಗಗಳನ್ನು ನಿಲ್ಲಿಸಬೇಕು. ಸತ್ತವನಿಗೆ ಅದು ಮರ್ಯಾದೆ. ಮಹಾಲಿಂಗಪ್ಪನ ಶೆಡ್ಡಿನಲ್ಲಿ ಬಹುಕಾಲ ನೇಯ್ದ ಮುದಕಪ್ಪ ನಸುಕಿನಲ್ಲಿ ತೀರಿಕೊಂಡಿದ್ದ. ಆದರೆ ಕರೆಂಟು ಅದಕ್ಕೂ ಮೊದಲೇ ಹೋಗಿತ್ತು. ನಿಂತ ಮಗ್ಗವನ್ನು ನಿಲ್ಲಿಸುವುದು ಹೇಗೆ? ಮರ್ಯಾದೆ ಕೊಟ್ಟವನು ಮಾಲಕನೋ ಕರೆಂಟಿನವರೋ ಎಂದು ಓಣಿಗೆ ತಿಳಿಯುವುದು ಹೇಗೆ?

ಜನರೇಟರ್ ಹಚ್ಚಿ, ಮಗ್ಗ ತುಸು ಓಡಿಸಿ, ನಾಲ್ಕು ಮಂದಿ ಕೇಳಿದ ಮೇಲೆ ನಿಲ್ಲಿಸುವುದೆಂದು ಅವನು ತೀರ್ಮಾನಿಸಿದ್ದ.

ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಸಾವಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಸತ್ತಾಂವನ್ನ ಎಬ್ಬಿಸಿ ಮತ್ತ ಮಲಗಸಾವ್ರೇನ್ರಿ ಮಾಲಕ್ರ?"

ಅವಳ ಹಿಂದಿದ್ದ ನೇಕಾರ ಸಾತಪ್ಪ ನಗಲಿಲ್ಲ. "ಅದನ್ನ ಹಚ್ಚಬ್ಯಾಡ್ರಿ," ಎಂದ. "ಇವತ್ತರ ಬ್ಯಾಡ್ರಿ."

ಮಹಾಲಿಂಗಪ್ಪ ಕೈ ತೆಗೆದ. ಸಾತಪ್ಪನ ಮಾತು ಮೀರುವ ಹಾಗಿರಲಿಲ್ಲ. ಮುದಕಪ್ಪ ಹೋದಮೇಲೆ ಉಳಿದ ನೇಕಾರ ಅವನೊಬ್ಬನೇ. ಪರಸಪ್ಪ ಹೋದ ವರ್ಷವೇ ಬಿಟ್ಟು ಗಿರಿಮಲ್ಲಪ್ಪನ ಶೆಡ್ಡು ಸೇರಿದ್ದ. ಈಗ ಸಾತಪ್ಪನಿಗೂ ಅಲ್ಲಿಂದ ಕರೆ ಬಂದಿದೆಯೆಂದು ಸುದ್ದಿ. ಅವನೂ ಹೋದರೆ ಶೆಡ್ಡಿಗೆ ಬೀಗ, ಜಮಖಂಡಿಯ ವ್ಯಾಪಾರಿಗೆ ಮುಟ್ಟಬೇಕಾದ ಸೀರೆಗಳಿಗೆ ನಮಸ್ಕಾರ.

ಗಿರಿಮಲ್ಲಪ್ಪನ ಶೆಡ್ಡಿನ ತಗಡು ಮಳೆಗಾಲದಲ್ಲಿ ಸೋರುತ್ತಿತ್ತು, ಬೇಸಿಗೆಯಲ್ಲಿ ಕಾಯುತ್ತಿತ್ತು. ಮಾಲಕ ಮಾತ್ರ ಎಲ್ಲ ಕಾಲದಲ್ಲೂ ಬೈಯುತ್ತಿದ್ದ. ಮಹಾಲಿಂಗಪ್ಪ ಹೆಚ್ಚು ಕೂಲಿ ಕೊಡುತ್ತಿದ್ದ, ಫ್ಯಾನು ಹಾಕಿಸಿದ್ದ, ಗಿರಿಮಲ್ಲಪ್ಪನಿಗಿಲ್ಲದ ಜನರೇಟರ್ ತಂದಿದ್ದ. ಆದರೂ ಜನ ಅತ್ತ ಏಕೆ ಹೋಗುತ್ತಾರೆ? ಗಿರಿಮಲ್ಲಪ್ಪ ಮಾಟ ಮಾಡಿಸುತ್ತಾನೆಂದು ಹೆಂಡತಿ ಅನಸವ್ವ ಹೇಳುತ್ತಿದ್ದಳು. ಬೇರೆ ಕಾರಣ ಸಿಗದೆ ಅವನೂ ಅದನ್ನೇ ಹಿಡಿದಿದ್ದ.

*

ಜನರೇಟರ್ ಬಂದದ್ದು ಎಂಬತ್ತಾರನೇ ಇಸವಿಯಲ್ಲಿ. ಅದಕ್ಕೆ ಮೊದಲು ಕರೆಂಟು ಹೋದರೆ, ಮಗ್ಗದ ಖಟಪಟದಲ್ಲಿ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದವರಿಗೆ ಒಮ್ಮೆಲೇ ಕಿವಿ ಬರುತ್ತಿದ್ದವು. ಮುದಕಪ್ಪ ನೂಲಿನ ಗಂಟಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ತಂಗಿಯ ಮಗನಿಗೆ ಹೆಣ್ಣು ನೋಡಲು ತೇರದಾಳಕ್ಕೆ ಹೋಗಿ ಎಮ್ಮೆ ಕೊಂಡುಬಂದ ಕತೆ ಅವನದೇ. ಹೇಳಿದಾಗಲೆಲ್ಲ ಹೆಣ್ಣು ಬೇರೆ, ಎಮ್ಮೆ ಬೇರೆ.

ಪಕ್ಕದ ಕೋಣೆಯಲ್ಲಿದ್ದ ಮಹಾಲಿಂಗಪ್ಪನಿಗೆ ನಗೆ ಕೇಳುತ್ತಿತ್ತು. ಕೆಲಸ ನಿಂತು ಬೇಸತ್ತ ಜನ ಪಾಪ ಹೇಗೋ ಹೊತ್ತು ನೂಕುತ್ತಿದ್ದಾರೆಂದು ಅವನು ಮರುಗುತ್ತಿದ್ದ. ಅದಕ್ಕೇ ಜನರೇಟರ್ ತಂದ. ಪೂಜೆಯ ದಿನ ಕಾಯಿಯನ್ನು ಮುದಕಪ್ಪನ ಕೈಯಿಂದಲೇ ಒಡೆಸಿದ. ಒಡೆದು ಮುದಕಪ್ಪ ಏನೋ ಅಂದ. ಜನರೇಟರಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

*

ಹೆಣದ ಮುಂದೆ ಮುದಕಪ್ಪನ ಹೆಂಡತಿ ಲಗಮವ್ವ ಹಾಡಿ ಅಳುತ್ತಿದ್ದಳು: ಮನೆಯಲ್ಲಿ ಒಂದು ಮಾತೂ ಆಡದ ಗಂಡ, ಉಪ್ಪು ಬೇಕಾದರೂ ಕೈ ತೋರಿಸುತ್ತಿದ್ದ ಗಂಡ. ಇದು ಬೇರೆ ಯಾರದೋ ಮನೆಯೇ ಎಂಬಂತೆ ಸಾವಕ್ಕ ಸಾತಪ್ಪನ ಮುಖ ನೋಡಿದಳು.

ಮಣ್ಣು ಕೊಟ್ಟು, ಕೈ ತೊಳೆದು ಬೇವಿನ ನೆರಳಿಗೆ ಬಂದಾಗ ಮಹಾಲಿಂಗಪ್ಪನಿಗೆ ಪರಸಪ್ಪ ಸಿಕ್ಕ.

"ಖರೆ ಹೇಳಲೇ ಪರಸ್ಯಾ, ಗಿರಿಮಲ್ಲಪ್ಪ ಏನ್ ಜಾಸ್ತಿ ಕೊಡ್ತಾನ?"

"ನಿಮಗಿಂತ ಕಡಿಮೀನ ರೀ."

"ಮತ್ತ ಏನೈತಿ ಅಲ್ಲಿ?"

ಪರಸಪ್ಪ ಬೀಡಿಯ ಬೂದಿ ಕೊಡವಿದ. "ಅಲ್ಲಿ ಕರೆಂಟ್ ಹೋಗ್ತೈತ್ರಿ."

ಚೇಷ್ಟೆಯೆಂದು ಮಹಾಲಿಂಗಪ್ಪ ಅವನ ಮುಖ ನೋಡಿದ. ಚೇಷ್ಟೆ ಇರಲಿಲ್ಲ.

"ಹಂಗಾರ ಮುದಕಪ್ಪ ಯಾಕ ಉಳದ?"

"ನಾನೂ ಕೇಳಿದ್ನಿ. ಡೀಸೆಲ್ ಅಂದಮ್ಯಾಗ ಒಂದಿನ ತೀರಬೇಕಲೇ, ಅಂತಿದ್ದ."

ಡೀಸೆಲ್ ಒಂದು ದಿನವೂ ತೀರದಂತೆ ನೋಡಿಕೊಂಡಿದ್ದ ಮಹಾಲಿಂಗಪ್ಪ ಹೋಗಿ ಮತ್ತೊಮ್ಮೆ ಕೈ ತೊಳೆದ.

*

ಮರುದಿನ ಬಿಸಿಲೇರಿದಾಗ ಕರೆಂಟು ಹೋಯಿತು. ಸಾತಪ್ಪ ಜನರೇಟರಿನ ಸದ್ದಿಗೆ ಕಾದ, ಬರಲಿಲ್ಲ. ಮಹಾಲಿಂಗಪ್ಪ ಬಾಗಿಲೊಳಗೆ ಚಪ್ಪಲಿ ಬಿಟ್ಟು ಬಂದು, ಡೀಸೆಲ್ ಇಲ್ಲ ಎಂದ. ತುಂಬಿದ ಡಬ್ಬಿ ಗೋಡೆಗೇ ಒರಗಿತ್ತು. ಮೂವರೂ ಅದನ್ನು ನೋಡದೆ ಇರಲು ಶ್ರಮಪಟ್ಟರು. ಮಹಾಲಿಂಗಪ್ಪ ತಾನೂ ಅವರ ನಡುವೆ ಕೂತ. ಸಾವಕ್ಕ ಸೆರಗು ಸರಿಮಾಡಿಕೊಂಡಳು. ಸಾತಪ್ಪ ಕೆಮ್ಮಿದ. ಮಾತು ಮಾತ್ರ ಹುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಕಾರಣ ತಾನೇ ಎಂದು ಹೊಳೆದು, ಮಹಾಲಿಂಗಪ್ಪ ಏನೋ ನೆವ ಹೇಳಿ ಎದ್ದುಹೋದ.

ಓಣಿಗೆ ಇಳಿಯುವಷ್ಟರಲ್ಲಿ ಒಳಗೆ ಸಾವಕ್ಕ "ಡೀಸೆಲ್ ಇಲ್ಲ" ಎಂದು ಅವನದೇ ಗೊಗ್ಗರು ದನಿಯಲ್ಲಿ ಹೇಳಿದ್ದು ಕೇಳಿತು. ಸಾತಪ್ಪ ನಕ್ಕ. ಆಗ ಮಹಾಲಿಂಗಪ್ಪನಿಗೆ ಕಾಲು ಸುಡತೊಡಗಿತು; ಚಪ್ಪಲಿ ಒಳಗೇ ಉಳಿದಿದ್ದವು. ತರಲು ಹೋದರೆ ಮಾತು ನಿಲ್ಲುತ್ತಿತ್ತು.

ಬರಿಗಾಲಲ್ಲೇ ಗೋಡೆಯ ನೆರಳು ಹಿಡಿದು ಮನೆಗೆ ನಡೆದ.

ಸೀರೆ ಎಂಟು ದಿನ ತಡವಾದವು. ಸಾತಪ್ಪ ಶೆಡ್ಡು ಬಿಡಲಿಲ್ಲ.