ಬಟ್ಟೆಯೊಳಗಿನ ನಡುಕ

ನೆಲ ಒರೆಸಿದ ಫಿನಾಯಿಲ್ ವಾಸನೆ ಇನ್ನೂ ಆರಿರಲಿಲ್ಲ. ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ, ಪರದೆ ಎಳೆದ ಕಿಟಕಿಯ ಕೆಳಗೆ, ಬಾಣಂತಿ ತನ್ನ ಕೂಸಿನ ಬಾಯಿ ಒರೆಸುತ್ತಿದ್ದಳು. ಹುಟ್ಟಿ ವಾರವೂ ತುಂಬದ ಹೆಣ್ಣುಕೂಸು. ಅದರ ಅಳು ಎಳೆಗೂಸಿನ ಅಳುವಲ್ಲ, ತಗಡು ಕೊಯ್ದ ಸದ್ದು.

ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ನಿಂತು ನಿಂತು ಸೊಂಟ ಬಿದ್ದುಹೋದಾಗ ಅಲ್ಲಿನ ಮೇಸ್ತ್ರಿ ನೋವಿನ ಮಾತ್ರೆ ಕೊಟ್ಟ. ಅಫೀಮಿನ ಜಾತಿಯ ಮಾತ್ರೆ. ಮೊದಲು ನೋವಿಗೆ ನುಂಗಿದಳು, ಆಮೇಲೆ ನುಂಗದೆ ನಿಲ್ಲಲಾಗದೆ ನುಂಗಿದಳು. ಬಸುರಿಯಾದಾಗ ತಾನಾಗಿ ಹೋಗಿ ಡಾಕ್ಟರಿಗೆ ಹೇಳಿದಳು. ಒಮ್ಮೆಲೇ ಬಿಟ್ಟರೆ ಹೊಟ್ಟೆಯ ಕೂಸಿಗೇ ಅಪಾಯವೆಂದು ಅವರು ಅದೇ ಜಾತಿಯ ಬದಲಿ ಔಷಧಿ ಕೊಟ್ಟರು. ಹುಟ್ಟಿದ ಮೇಲೆ ಅದು ಕೂಸಿನ ಮೈಗೆ ಸಿಗದಾಯಿತು. ಅದಕ್ಕೇ ಈ ಅಳು, ಮೈಯೆಲ್ಲ ನಡುಕ. ಎದೆಗವಚಿಕೊಂಡರೂ, ಕತ್ತಲಲ್ಲಿ ತೂಗಿದರೂ ನಿಲ್ಲದಾದಾಗ ಮಾರ್ಫಿನ್ ಹನಿ ಶುರುಮಾಡಿದ್ದರು. ಕೂಸು ಚೇತರಿಸಿಕೊಂಡಂತೆಲ್ಲ ಇಷ್ಟಿಷ್ಟೇ ಇಳಿಸಿ ನಿಲ್ಲಿಸುವುದು.

ನರ್ಸ್ ಬಂದವಳೇ, ಮಂಚದ ಪಕ್ಕ ಕೂತಿದ್ದ ಬಾಣಂತಿಯ ಅತ್ತೆಯ ಕಡೆ ಹುಬ್ಬು ಗಂಟಿಕ್ಕಿದಳು. "ಅಜ್ಜೀ, ಚೆನ್ನಾಗಿ ಮಲಗ್ತು, ಕುಡಿದದ್ದು ದಕ್ತು ಅಂತ ನಿನ್ನೆ ನೀವೇ ಹೇಳಿದ್ರಲ್ಲ? ಅದಕ್ಕೇ ಡಾಕ್ಟ್ರು ಹನಿ ಕಮ್ಮಿ ಮಾಡಿದ್ರು. ಇವತ್ತು ನೋಡಿದ್ರೆ ಹೀಗೆ!"

ಬಾಣಂತಿ ಅತ್ತೆಯ ಕಡೆ ತಿರುಗಿದಳು. "ಅತ್ತೆ, ನಿನ್ನೆ ನಾನು ಸ್ನಾನಕ್ಕೆ ಹೋದಾಗ, ಮಲಗಿದ್ದಾಗ ವಾಂತಿ ಮಾಡ್ಕೊಂಡಿತ್ತಾ?"

"ಮಕ್ಕಳು ಕಕ್ಕದೆ ಇರ್ತವಾ? ನಿನ್ ಗಂಡ ಮೀಸೆ ಬರೋವರೆಗೂ ಕಕ್ತಾನೇ ಇದ್ದ."

"ಎಷ್ಟು ಸಲ ಅತ್ತೆ?"

ಮುದುಕಿ ಸೆರಗು ಹಿಂಡಿದಳು. "ನೀನು ಕುಡಿಸಿ ನನ್ ಕೈಗೆ ಕೊಟ್ಟಾಗೆಲ್ಲ. ಡಾಕ್ಟ್ರು ಬರೋ ಹೊತ್ತಿಗೆ ಅಂಗಿ ಬದಲಾಯಿಸಿ, ನಡುಕ ಕಾಣದ ಹಾಗೆ ಬಿಗಿಯಾಗಿ ಸುತ್ತಿಟ್ಟೆ. ಇನ್ನೇನ್ ಮಾಡ್ಲಿ? ನೀನು ನುಂಗಿದ್ದು ಸಾಲ್ದು ಅಂತ ಕೂಸಿಗೂ ಅದೇ ವಿಷ! ಇವಳ ಕೈಲಿ ಮಗು ಬಿಡಬಾರ್ದು ಅಂತ ಯಾರಾದ್ರೂ ಕಿತ್ಕೊಂಡ್ ಹೋದ್ರೆ? ನಂಗಿರೋದು ಇದೊಂದೇ ಮೊಮ್ಮಗು."

"ಸುತ್ತಿ ಅಜ್ಜೀ, ನಾವೂ ಸುತ್ತುತ್ತೀವಿ," ಎಂದಳು ನರ್ಸ್. "ಆದ್ರೆ ಕಂಡದ್ದು ಹೇಳಿ. ಈ ಹನಿ ನಶೆ ಏರಿಸೋಕಲ್ಲ. ನಡುಗೋ ಮೈಗೆ ಹಾಲು ದಕ್ಕಿ, ಕಣ್ಣು ಮುಚ್ಚೋಷ್ಟು ನೆಮ್ಮದಿ ಕೊಡೋಕೆ."

"ಡಾಕ್ಟ್ರನ್ನ ಕರೀರಿ ಸಿಸ್ಟರ್. ಎಲ್ಲಾ ನಾನೇ ಹೇಳ್ತೀನಿ," ಎಂದಳು ಬಾಣಂತಿ.

"ಅಯ್ಯೋ, ಮರ್ಯಾದೆ ಕಣೇ..."

"ಮಾತ್ರೆ ನುಂಗಿ ದಿನವಿಡೀ ಇಸ್ತ್ರಿ ಒತ್ತಿದಾಗ ಗಟ್ಟಿಗಿತ್ತಿ ಅಂದ್ರಿ. ಬಿಡ್ತೀನಿ ಅಂತ ನಿಂತ ಮೇಲೆ ಕಳ್ಳಿ ಆಗ್ಬಿಟ್ನಾ? ನನ್ ಮರ್ಯಾದೆ ಕಾಯೋಕೆ ನನ್ ಮಗಳು ನಡುಗಬೇಕಾಗಿಲ್ಲ. ಯಾರು ಬರ್ತಾರೋ ಬರ್ಲಿ. ಇವಳನ್ನ ಎದೆ ಮೇಲೆ ಹಾಕ್ಕೊಂಡು ಇಲ್ಲೇ ಕೂತಿರ್ತೀನಿ."

ಡಾಕ್ಟರು ಬಂದು ಎಲ್ಲ ಕೇಳಿ, ಕೂಸನ್ನು ಪರೀಕ್ಷಿಸಿ, ಹನಿಯನ್ನು ಮೊದಲಿನಷ್ಟಕ್ಕೇ ಏರಿಸಿದರು. ಸೂಜಿಯಿಲ್ಲದ ಸಿರಿಂಜಿನಿಂದ ನರ್ಸ್ ಅದನ್ನು ಕೆನ್ನೆಯೊಳಗೆ ಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಕೂಸು ಮೊಲೆ ಹಿಡಿದು ಕುಡಿಯಿತು. ಕಕ್ಕಲಿಲ್ಲ. ತಾಯಿಯ ಬರಿ ಎದೆಯ ಮೇಲೆ ಅದರ ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು. ಮುದುಕಿ ಆ ಬಿಚ್ಚಿದ ಅಂಗೈಯನ್ನೇ ನೋಡುತ್ತ ಬಹಳ ಹೊತ್ತು ಕೂತಳು.

ಸಂಜೆ ಮೇಸ್ತ್ರಿ ಹಣ್ಣಿನ ಚೀಲ ಹಿಡಿದು ಬಂದ. ಇವನನ್ನು ಕಂಡರೆ ಎದ್ದು ಕುರ್ಚಿ ಕೊಡುತ್ತಿದ್ದ ಮುದುಕಿ ಇವತ್ತು ಬಾಗಿಲಿಗೆ ಅಡ್ಡ ನಿಂತಳು.

"ಏನಮ್ಮಾ, ಮಗೂಗೆ ಹುಷಾರಿಲ್ವಂತೆ? ಕಾಮಾಲೆನಾ?"

ಕಾರಿಡಾರಿನ ಬೆಂಚಿನವರು ಕತ್ತು ಚಾಚಿದರು. ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಕಾಮಾಲೆ ಅಲ್ಲಪ್ಪಾ. ನೀನು ನನ್ ಸೊಸೆಗೆ ಕೊಟ್ಟ ಮಾತ್ರೆ. ಅದರ ಕಾಟಾನ ಈಗ ಕೂಸಿನ ಮೈಯಿಂದ ಇಳಿಸ್ತಾ ಇದಾರೆ. ಔಷಧಿ ನಡೀತಿದೆ, ಗುಣ ಆಗುತ್ತೆ. ನೋಡೋದಾದ್ರೆ ಕೈ ತೊಳ್ಕೊಂಡು ಬಾ."

ಮೇಸ್ತ್ರಿ ನಲ್ಲಿಯ ಕಡೆ ಹೋಗಲಿಲ್ಲ. ಚೀಲವನ್ನು ಬೆಂಚಿನ ಮೇಲಿಟ್ಟು ಮೆಟ್ಟಿಲ ಕಡೆ ನಡೆದ. ಮುದುಕಿ ಅವನ ಬೆನ್ನ ಹಿಂದೆಯೇ ಹೋಗಿ ಮೆಟ್ಟಿಲ ಕಂಬಿ ಹಿಡಿದು ನಿಂತಳು.

"ಲಾಂಡ್ರೀಲಿರೋ ಮಿಕ್ಕ ಹೆಣ್ಮಕ್ಕಳಿಗೂ ಹೇಳು! ಮಾತ್ರೆ ಚಟ ಬಿಡಿಸೋಕೆ ಡಾಕ್ಟ್ರಿದಾರೆ, ಹೆದರ್ಬೇಡಿ ಅಂತ ಹೇಳು! ನೀನು ಹೇಳ್ದಿದ್ರೆ ನಾಳೆ ನಾನೇ ಬರ್ತೀನಿ!"