ಹುಳುಮನೆಯ ಹೊಸ್ತಿಲು

ಅಮೆರಿಕದ ಆ ಕರಾಳ ಕತೆಗಾರರ ಗುಂಪಿನ ಮೇಲೆ ಸಂಘಮಿತ್ರಳಿಗೆ ಮೊದಲಿನಿಂದಲೂ ಮುನಿಸು. ಶಿಡ್ಲಘಟ್ಟದ ಕಾಲೇಜಿಗೆ ಇಂಗ್ಲಿಷ್ ಅತಿಥಿ ಉಪನ್ಯಾಸಕಿಯಾಗಿ ಸೇರಿದಂದಿನಿಂದ ವರ್ಷವರ್ಷವೂ ಅವರನ್ನೇ ಪಾಠ ಮಾಡಬೇಕು. ಇನ್ನೂರು ವರ್ಷದ ಹಿಂದಿನ ಆ ಮಹಾನುಭಾವರಿಗೆ ಮನುಷ್ಯನೆಂದರೆ ಒಳಗೆಲ್ಲ ಪಾಪ. ಅವರ ಕತೆಗಳಲ್ಲಿ ಒಳ್ಳೆಯವರೆನಿಸಿಕೊಂಡವರನ್ನೇ ಮೊದಲು ಅನುಮಾನಿಸಬೇಕು. "ಓದಿ, ಪರೀಕ್ಷೆ ಬರೀರಿ, ಆದ್ರೆ ನಂಬಬೇಡಿ" ಎಂದು ಅವಳು ಮಕ್ಕಳಿಗೆ ಹೇಳುತ್ತಿದ್ದಳು.

ಹಾಗೆ ಹೇಳುವ ಧೈರ್ಯ ಬಂದದ್ದು ಶೋಭಾರಾಣಿಯಿಂದ. ಅರ್ಥಶಾಸ್ತ್ರದ ಶೋಭಾ ಭೂಮಿಕಾಣಿ ಇದ್ದ ಮನೆಯ ಸೊಸೆ. ಆದರೂ ತನ್ನ ಡಬ್ಬಿ ಬಿಟ್ಟು ಇವಳ ಹುರುಳಿ ಬಸ್ಸಾರಿನ ಅನ್ನಕ್ಕೇ ಕೈ ಹಾಕುವವಳು. ಚಿಂತಾಮಣಿಯಲ್ಲಿದ್ದ ಅಪ್ಪ ನಲ್ಲಪ್ಪ, ಬೌದ್ಧನಾದ ಮೇಲೆ ಮಗಳಿಗೆ ಸಂಘಮಿತ್ರ ಎಂದು ಹೆಸರಿಟ್ಟವನು, ಇದನ್ನು ಕೇಳಿ ನಗುತ್ತಿದ್ದ. "ಕಾಲೇಜಲ್ಲಿ ಎಲ್ರೂ ತಿಂತಾರೆ ತಾಯಿ. ಒಂದ್ಸಲ ಅವರ ಮನೇಗೆ ಹೋಗಿ ಬಾ, ಆಮೇಲೆ ಮಾತಾಡಣ." ನೀನೂ ಆ ಅಮೆರಿಕದವರ ಕಡೆಯೇ ಎಂದು ಮಗಳು ರೇಗುತ್ತಿದ್ದಳು.

ಒಂದು ಭಾನುವಾರ ಶೋಭಾ ರೇಷ್ಮೆಹುಳ ನೋಡಲು ಹಳ್ಳಿಗೆ ಕರೆದಳು. ಭೌತಶಾಸ್ತ್ರದ ಮೋಹನ್‌ಬಾಬುವೂ ಜೊತೆಗೆ ಬಂದ. ತೋಟದ ಪಕ್ಕದ ಹುಳುಮನೆಯ ಬಾಗಿಲಲ್ಲಿ ಕಾಲು ಅದ್ದಲು ಬ್ಲೀಚಿಂಗ್ ಪೌಡರಿನ ನೀರಿಟ್ಟಿದ್ದರು. ಸಂಘಮಿತ್ರ ಚಪ್ಪಲಿ ಬಿಟ್ಟು ಕಾಲದ್ದಿದಳು. ಅಷ್ಟರಲ್ಲಿ ಶೋಭಾಳ ಅತ್ತೆ ಅಶ್ವತ್ಥಮ್ಮ ಬಾಗಿಲಿಗೆ ಕೈ ಅಡ್ಡ ಇಟ್ಟರು.

"ಬ್ಯಾಡಮ್ಮ, ಹುಳ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದವೆ, ಇನ್ನೇನು ಗೂಡು ಕಟ್ಟೋ ಹೊತ್ತು. ಹೊರಗಿನೋರು ಬಂದ್ರೆ ರೋಗ ಬೀಳ್ತದೆ."

ನ್ಯಾಯವಾದ ಮಾತು. ರೇಷ್ಮೆ ಸೀಮೆಯಲ್ಲಿ ಹುಟ್ಟಿದವಳಿಗೆ ಅಷ್ಟು ಗೊತ್ತಿತ್ತು. ಅವಳು ನಗುತ್ತಲೇ ಹಿಂದೆ ಸರಿದಳು. ಆಗ ಶೂ ಹಾಕಿಕೊಂಡೇ ಮೋಹನ್‌ಬಾಬು ಬಂದ. "ರಾ ನಾಯನಾ, ಲೋಪಲಿಕಿ ರಾ" ಎಂದು ತೆಲುಗಿನಲ್ಲಿ ಉಪಚರಿಸಿ ಅಶ್ವತ್ಥಮ್ಮ ಅವನನ್ನು ಒಳಗೆ ಕರೆದೊಯ್ದರು. ಶೋಭಾ ಎಲ್ಲವನ್ನೂ ನೋಡಿದಳು. ನೋಡಿ, ಅಂಗಳದ ಕನಕಾಂಬರ ಕೀಳಲು ಹೋದಳು.

ಮುಂದಿನ ವಾರ ಹುಳಕ್ಕೆ ರೋಗ ಬಿತ್ತು. ಸ್ಟಾಫ್‌ರೂಮಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಶೋಭಾ ತಲೆ ತಗ್ಗಿಸಿ ಕೇಳಿದಳು:

"ಬೇಜಾರು ಮಾಡ್ಕೋಬೇಡ ಕಣೆ. ಅತ್ತೆ ಕೇಳು ಅಂದ್ರು. ನಾನು ಹೂ ಕೀಳೋವಾಗ ನೀನೇನಾದ್ರೂ ಒಳಗೆ ಹೋಗಿದ್ಯಾ?"

"ಮೋಹನ್‌ಬಾಬುನ ಕೇಳಿದ್ರಾ?"

"ಅವನು ನಮ್ಮೋನಲ್ವಾ…" ಶೋಭಾ ತಡವರಿಸಿದಳು. "ಏನ್ ಮಾಡ್ಲಿ ಹೇಳು. ಎಲ್ಲರೊಳಗೂ ಇಂಥದ್ದೊಂದು ಇದ್ದೇ ಇರತ್ತೆ. ನಿನ್ನ ಅಮೆರಿಕದೋರೇ ಹೇಳಿದಾರಲ್ಲ."

ಸಂಘಮಿತ್ರಳಿಗೆ ಮೈಯೆಲ್ಲ ಉರಿಯಿತು. ಆ ಲೇಖಕರು ಪಾಪವನ್ನು ಎಲ್ಲರಿಗೂ ಸಮನಾಗಿ ಹಂಚಿಬಿಟ್ಟಿದ್ದರು. ಇನ್ನು ಯಾರೂ ಯಾರಿಗೂ ಉತ್ತರ ಹೇಳಬೇಕಿಲ್ಲ. ಒಳಗೆ ಕತ್ತಲೆ ಇಟ್ಟುಕೊಂಡವರಿಗೂ ಬಾಗಿಲ ಹೊರಗೆ ನಿಂತವರಿಗೂ ಒಂದೇ ಲೆಕ್ಕ. ಎಂಥ ಅನುಕೂಲದ ನಿರಾಶೆ!

ಮಾತು ಮುಗಿಯಿತೆಂದುಕೊಂಡು ಶೋಭಾ ಅಭ್ಯಾಸಬಲದಿಂದ ಬಸ್ಸಾರಿನ ಡಬ್ಬಿಗೆ ಕೈ ಚಾಚಿದಳು. ಸಂಘಮಿತ್ರ ಮುಚ್ಚಳ ಹಾಕಿದಳು.

"ಬ್ಯಾಡಮ್ಮ. ಹೊರಗಿನೋರ ಕೈ ತಾಗಿದ್ರೆ ರೋಗ ಬೀಳ್ತದೆ."

ಶೋಭಾ ಅಳತೊಡಗಿದಳು. ಸಂಘಮಿತ್ರಳಿಗೆ ಅಯ್ಯೋ ಅನ್ನಿಸಲಿಲ್ಲ. ಇನ್ನೂ ಅಳಲಿ ಅನ್ನಿಸಿತು. ಹಾಗೆ ಅನ್ನಿಸಿದ್ದು ತನಗೇ ಎಂದು ತಿಳಿದಾಗ ಅವಳಿಗೆ ಭಯವಾಯಿತು.

ಮಧ್ಯಾಹ್ನದ ತರಗತಿಯಲ್ಲಿ ಅವಳು ಪಾಠವನ್ನೇನೋ ಮುಗಿಸಿದಳು. ಕೊನೆಯಲ್ಲಿ "ನಂಬಬೇಡಿ" ಎನ್ನುವ ಮಾತಿಗಾಗಿ ಮಕ್ಕಳು ಪುಸ್ತಕ ಮುಚ್ಚಿ ಕಾದರು. ಅದು ಬಾಯಿಗೆ ಬರಲಿಲ್ಲ.