ವಾಸಿಲಿಯ ದಂತದ ಬುಷ್

ಮೂರನೆಯ ಏಟಿಗೆ ಹಳೆಯ ಬುಷ್ ಹೊರಗೆ ಬಿತ್ತು. ಗವ್ರೀಲ ಸುತ್ತಿಗೆ ಕೆಳಗಿಟ್ಟು, ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ. ಕಡಲಪ್ರಾಣಿ ವಾಲ್ರಸ್‌ನ ದಂತ ಕೊರೆದು ಮಾಡಿದ, ಚಕ್ರದ ಅಚ್ಚು ಅಲುಗದಂತೆ ಹಿಡಿಯುವ ಉಂಗುರ. ಒಂದು ಮಗ್ಗುಲು ಇದ್ದ ಹಾಗೇ ಇತ್ತು, ಇನ್ನೊಂದು ಸವೆದು ಉಗುರಿನಷ್ಟು ತೆಳುವಾಗಿತ್ತು. ಗ್ರೀಸು ಕುಡಿದು ಕುಡಿದು ಕಂದುಬಣ್ಣಕ್ಕೆ ತಿರುಗಿತ್ತು. ಬಿರುಕು ಮಾತ್ರ ಎಲ್ಲೂ ಇರಲಿಲ್ಲ.

ಮೂರು ಚಕ್ರದ ಮೋಟಾರು ಗಾಡಿಯ ಹಿಂಭಾಗವನ್ನು ಮರದ ದಿಮ್ಮಿಯ ಮೇಲೆ ಎತ್ತಿ ನಿಲ್ಲಿಸಿದ್ದ. ಬುಷ್ ಸವೆದದ್ದರಿಂದ ಹಿಂದಿನ ಚಕ್ರಗಳು ಕುಡಿದವನ ಕಾಲಿನ ಹಾಗೆ ಓಲಾಡುತ್ತಿದ್ದವು. ಮಧ್ಯಾಹ್ನ ಇದೇ ಗಾಡಿ ಅವನ ಅಣ್ಣ ವಾಸಿಲಿಯ ಶವಪೆಟ್ಟಿಗೆಯನ್ನು ಟ್ರೇಲರಿನಲ್ಲಿ ಗುಡ್ಡದ ಮೇಲಿನ ಸ್ಮಶಾನಕ್ಕೆ ಎಳೆಯಬೇಕಿತ್ತು. ಅತ್ತಿಗೆ ಅಗಾಫ್ಯಾ ಹಟ ಹಿಡಿದಿದ್ದಳು.

ವಾಸಿಲಿಯ ಶೆಡ್ಡಿನ ಹೊರಗೆ ಪಕ್ಕದ ಮನೆಯ ಮಕ್ಸೀಮ್ ಪೆಟ್ಟಿಗೆಯ ಮುಚ್ಚಳಕ್ಕೆ ಉಜ್ಜುಕಾಗದ ಹಾಕುತ್ತಿದ್ದ.

"ಊರಲ್ಲಿ ಅಷ್ಟೊಂದು ಹೊಸ ಗಾಡಿ ಇದಾವೆ, ಯಾವುದಾದ್ರೂ ಕಟ್ಟಿದ್ರೆ ಆಗ್ತಿರಲಿಲ್ವ?" ಅಂದ.

"ಅತ್ತಿಗೆ ಒಪ್ಪಲ್ಲ."

"ಸರಿ ಹಾಗಾದ್ರೆ. ದಾರೀಲಿ ಕೆಟ್ಟು ನಿಂತ್ರೆ ವಾಸಿಲಿ ತಾನೇ ಎದ್ದು ಬಂದು ರಿಪೇರಿ ಮಾಡ್ತಾನೆ. ನಮ್ಮ ಕೈಗೆ ಬಿಡೋ ಪೈಕಿ ಅಲ್ಲ ಅವನು."

ಗವ್ರೀಲ ನಗಲು ನೋಡಿದ, ಆಗಲಿಲ್ಲ.

ಹಲಗೆ ದಾರಿಯ ಮೇಲೆ ಒಂದು ಹೆಜ್ಜೆ ಜೋರಾಗಿ, ಒಂದು ಮೆಲ್ಲಗೆ ಕೇಳಿಸಿತು. ವಾಸಿಲಿಯ ಮಗಳು ಓಲಿಂಕಾ ಚಹಾ ತಂದಿದ್ದಳು. ಹೊಸ್ತಿಲ ಆಚೆಯೇ ನಿಂತು ಕೈ ಚಾಚಿದಳು. ಹದಿನಾರು ವರ್ಷದಿಂದ ಅವಳು ಈ ಶೆಡ್ಡಿನೊಳಗೆ ಕಾಲಿಟ್ಟವಳಲ್ಲ.

"ಕುಡಿ ಚಿಕ್ಕಪ್ಪ. ಬೆಳಗಿಂದ ಖಾಲಿ ಹೊಟ್ಟೇಲಿದೀಯ. ಒಣಮೀನೂ ತಂದಿದೀನಿ, ತಗೋ. ಪಾದ್ರಿಯ ವಿಮಾನ ಇಳೀತಂತೆ. ಮಂಜು ಕವಿಯೋದ್ರೊಳಗೆ ವಾಪಸ್ ಹೋಗ್ಬೇಕಂತೆ. ಎರಡು ಗಂಟೆಗೆ ಪೆಟ್ಟಿಗೆ ಮುಚ್ತಾರೆ."

"ನೀನು ಹೋಗಿ ಕೇಳಿದೆಯಾ?"

ಪೆಟ್ಟಿಗೆ ಮುಚ್ಚುವ ಮುಂಚೆ ಒಬ್ಬೊಬ್ಬರಾಗಿ ಹೋಗಿ, ಹಣೆ ಮುಟ್ಟಿ, ಸತ್ತವರ ಹತ್ತಿರ ತಪ್ಪಾಯಿತು ಎಂದು ಕ್ಷಮೆ ಕೇಳಿಕೊಳ್ಳಬೇಕು. ಆಮೇಲೆ ಕೇಳಲು ಅವಕಾಶವಿಲ್ಲ.

"ನಾನ್ಯಾಕೆ ಕೇಳ್ಲಿ? ಕೇಳಬೇಕಾದೋನು ಮಲಗಿದಾನೆ."

"ಅಪ್ಪ ಕಣೇ."

"ಅಪ್ಪಾನೇ. ಗಾಡಿಗೆ ಎಲುಬಿನ ಚೂರು ಸಿಕ್ಕಿಸಿ, ಅದರ ಮೇಲೆ ಮಗಳನ್ನ ಕೂರಿಸಿದ ಅಪ್ಪ. ಮುಚ್ಚೋವಾಗ ನಾನು ಇಗರ್ಜಿ ಒಲೆ ಹತ್ರ ನಿಂತಿರ್ತೀನಿ. ಅಷ್ಟು ಸಾಕು ಅವನಿಗೆ."

ಅವಳು ಹೋದಳು. ಚಹಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚಾಗಿಯೇ ಬಿದ್ದಿತ್ತು, ಅವನಿಗೆ ಬೇಕಾದ ಹಾಗೆ. ಅವಳ ಮದುವೆಯಾದಾಗಿನಿಂದ ಒಂಟಿ ಗವ್ರೀಲನಿಗೆ ಊಟ ಅವಳ ಮನೆಯಲ್ಲೇ. ಅವನ ತಟ್ಟೆ, ಅವನ ಕುರ್ಚಿ, ಒಲೆಯ ಪಕ್ಕ ಅವನ ಒದ್ದೆ ಬೂಟಿಗೆ ಜಾಗ.

* * *

ಕುಸ್ಕೊಕ್ವಿಮ್ ನದೀತೀರದ ಮೀನು ಬಿಡಾರದಲ್ಲಿ, ಹದಿನಾರು ವರ್ಷದ ಹಿಂದಿನ ಬೇಸಿಗೆಯಲ್ಲಿ, ಇದೇ ಗಾಡಿಯ ಹಿಂದಿನ ಶಾಕ್ ಅಬ್ಸಾರ್ಬರನ್ನು ಹಿಡಿದಿದ್ದ ಬೋಲ್ಟು ಎಲ್ಲೋ ಕಳಚಿ ಬಿದ್ದಿತ್ತು. ಅಲಾಸ್ಕಾದ ಈ ತುದಿಗೆ ಒಂದು ಬೋಲ್ಟು ಬರಬೇಕಾದರೂ ವಿಮಾನವೇ ಗತಿ. ಬರುವಷ್ಟರಲ್ಲಿ ಮೀನಿನ ಕಾಲವೇ ಮುಗಿದಿರುತ್ತದೆ. ಇದ್ದುದರಲ್ಲಿ ಹೊಂದಿಸಿಕೊಳ್ಳುವುದು ಇಲ್ಲಿ ಎಲ್ಲರಿಗೂ ಅಭ್ಯಾಸ. ಅದಕ್ಕೂ ಮುಂಚೆ ಬುಷ್ ಸಿಗದಿದ್ದಾಗ ವಾಸಿಲಿ, ಅಜ್ಜಂದಿರು ಜಾರುಬಂಡಿಯ ತಳಕ್ಕೆ ಹಾಕುತ್ತಿದ್ದ ದಂತವನ್ನೇ ಕೊರೆದು ಹಾಕಿದ್ದ. ಗವ್ರೀಲ ಗುಡಾರದ ಕಬ್ಬಿಣದ ಗೂಟವನ್ನು ಅಳತೆಗೆ ಕತ್ತರಿಸಿ, ಬೋಲ್ಟಿನ ಜಾಗಕ್ಕೆ ತೂರಿಸಿ, ಎರಡು ತುದಿಯನ್ನೂ ಬಗ್ಗಿಸಿದ. ಸಂಜೆ ಅಣ್ಣನಿಗೆ ಹೇಳಿದರಾಯಿತು ಎಂದುಕೊಂಡ.

ಅಷ್ಟರಲ್ಲಿ ಕಡಲ ಭರತದ ಜೊತೆ ಸಾಲ್ಮನ್ ಮೀನು ನದಿಗೆ ಬಂತು. ಎಲ್ಲರೂ ಬಲೆಯ ಕಡೆ ಓಡಿದರು. ಹದಿನಾಲ್ಕರ ಓಲಿಂಕಾ ಗಾಡಿಯ ಹಿಂದೆ ಮೀನಿನ ತೊಟ್ಟಿ ಹೇರಿಕೊಂಡು ದಂಡೆ ಹತ್ತಿಸಿದಳು. ಗೂಟ ಬಾಗಿತು, ಹಿಂಭಾಗ ಕುಸಿಯಿತು, ಗಾಡಿ ಮಗುಚಿ ಅವಳ ಮೊಣಕಾಲಿನ ಮೇಲೆ ಬಿತ್ತು.

ದಂತದ ಬುಷ್ ಒಡೆದಿರಬೇಕು ಎಂದಿತು ಊರು. ವಾಸಿಲಿ ಗಾಡಿ ಬಿಚ್ಚಿ ನೋಡಿ, ಹೌದು, ಒಡೆದಿದೆ ಎಂದ. ಯಾರಿಗೂ ತೋರಿಸದೆ ಅದನ್ನೇ ಮತ್ತೆ ಒಳಗೆ ಕೂರಿಸಿದ.

ಮರುದಿನ ಮೀನಿಗೆ ಹೊಗೆ ಹಾಕುವ ಗುಡಿಸಲಿನ ಹಿಂದೆ ತಮ್ಮನನ್ನು ಕರೆದು, ಬಾಗಿದ ಗೂಟವನ್ನು ಅವನ ಕೈಗಿಟ್ಟ.

"ನದಿಗೆ ಎಸಿ."

"ಅಣ್ಣ, ನಾನು ಹೇಳ್ತೀನಿ ಅವಳಿಗೆ."

"ಹೇಳಿ? ನೀನು ಒಂಟಿ ಆಳು. ಆ ಮಗೂನೂ ಬಿಟ್ರೆ ನಿಂಗ್ಯಾರಿದಾರೆ? ನಾನು ಅಪ್ಪ. ಎಷ್ಟು ದಿನ ಸಿಟ್ಟಾಗಿರ್ತಾಳೆ, ಹೆಚ್ಚಂದ್ರೆ ಒಂದು ಚಳಿಗಾಲ."

ವಾಸಿಲಿಯ ಅಂದಾಜು ತಪ್ಪಿತು. ಮದುವೆಯಾಗಿ ನಾಲ್ಕು ಮನೆ ಆಚೆ ಹೋದ ಮೇಲೆ ಓಲಿಂಕಾ ಹಬ್ಬಕ್ಕೂ ಅಪ್ಪನ ಹೊಸ್ತಿಲು ತುಳಿಯಲಿಲ್ಲ. ಊರಿನವರು ಅವನ ಬಳಿಗೆ ಗಾಡಿ ತರುವುದನ್ನು ಬಿಟ್ಟರು. ಅವನು ತನ್ನದೊಂದನ್ನೇ ಬಿಚ್ಚುತ್ತ, ಕಟ್ಟುತ್ತ ಮುದುಕನಾದ.

* * *

ಹೊಸ ಬುಷ್ ಅಣ್ಣನ ಡಬ್ಬಿಯಲ್ಲೇ ಸಿಕ್ಕಿತು. ಅದನ್ನು ಒತ್ತಿ ಕೂರಿಸಿ, ಗ್ರೀಸು ಸವರಿ, ಬೋಲ್ಟು ಬಿಗಿದ. ಚಕ್ರ ಹಿಡಿದು ಅಲ್ಲಾಡಿಸಿದ, ಅಲುಗಲಿಲ್ಲ. ಕೆಲಸ ಮುಗಿದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ರಾತ್ರಿಯ ಊಟವೂ ಇರುತ್ತಿತ್ತು, ನಾಳೆಯದೂ.

ಅಲ್ಲಿಂದ ನೆಟ್ಟಗೆ ಓಲಿಂಕಾಳ ಅಡುಗೆಮನೆಗೆ ಹೋದ. ಅವಳು ಒಬ್ಬಳೇ ಸೂಪಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಗವ್ರೀಲ ತನ್ನ ಕುರ್ಚಿಯಲ್ಲಿ ಕೂರಲಿಲ್ಲ. ಹಳೆಯ ಬುಷ್ಷನ್ನು ಮೇಜಿನ ಮೇಲಿಟ್ಟ.

"ಇದು ಒಡೆದಿರಲಿಲ್ಲ."

"ಏನಿದು?"

"ನಿಮ್ಮಪ್ಪನ ಬುಷ್. ಅವತ್ತು ಗಾಡೀಲಿ ಇದ್ದಿದ್ದು ಇದೇ. ಬೋಲ್ಟು ಬಿದ್ದುಹೋಗಿತ್ತು ಓಲಿಂಕಾ. ಗುಡಾರದ ಗೂಟ ಕತ್ತರಿಸಿ ತೂರಿಸಿದವನು ನಾನು. ಯಾರಿಗೂ ಹೇಳಲಿಲ್ಲ."

ಅವಳು ಚಾಕು ಕೆಳಗಿಟ್ಟಳು. ಬುಷ್ಷನ್ನು ಎತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಬಿರುಕನ್ನು ಹುಡುಕುವವಳ ಹಾಗೆ ಸುತ್ತಲೂ ಹೆಬ್ಬೆರಳು ಆಡಿಸಿದಳು.

"ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು. ನಿಂಗೆ ಹೇಳಬೇಡ ಅಂದ."

"ನೀನೂ ಸುಮ್ಮನಾದೆ."

"ಹೂಂ."

"ಇಷ್ಟು ವರ್ಷ ನನ್ನ ಕೈಯಲ್ಲಿ ಉಂಡ್ಕೊಂಡು."

ಅವಳು ಬುಷ್ಷನ್ನು ಮತ್ತೆ ಮೇಜಿನ ಮೇಲಿಟ್ಟಳು.

"ಮೊನ್ನೆ ಅಪ್ಪನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋವಾಗ ಈ ಮನೆ ಮುಂದೇನೇ ಹಾಯ್ದರು. ಅವನು ನನ್ನ ಕಡೆ ಕೈ ಎತ್ತಿದ. ನಾನು ಕಟ್ಟಿಗೆ ಆರಿಸ್ತಾ ಬಗ್ಗಿದೆ, ಕಾಣಲಿಲ್ಲ ಅನ್ನೋ ಹಾಗೆ." ಅವಳ ದನಿ ಏರಲಿಲ್ಲ. "ಒಂದು ವಾರ ಮುಂಚೆ ಹೇಳಿದ್ರೆ ಆಗ್ತಿರಲಿಲ್ವ ಚಿಕ್ಕಪ್ಪ?"

ಗವ್ರೀಲ ಬಾಗಿಲ ಕಡೆ ತಿರುಗಿದ. ಹಿಂದೆ ಬಾಗಿಲು ಮುಚ್ಚಿಕೊಂಡು ಹೊರಗೆ ಬಂದ.

* * *

ಇಗರ್ಜಿಯಲ್ಲಿ ಹಾಡು ಮುಗಿಯುವ ಹೊತ್ತಿಗೆ ಕಿಟಕಿಗಳಾಚೆ ಮಂಜು ನದಿಯನ್ನು ದಾಟಿ ಬಂದಿತ್ತು. ಒಬ್ಬೊಬ್ಬರೂ ಪೆಟ್ಟಿಗೆಯ ಬಳಿ ಬಗ್ಗಿ ಹೋದರು. ಗವ್ರೀಲನೂ ಹೋಗಿ ಅಣ್ಣನ ಹಣೆ ಮುಟ್ಟಿದ. ಕ್ಷಮೆ ಕೇಳದೆಯೇ ಪಕ್ಕಕ್ಕೆ ಸರಿದ.

ಕೊನೆಗೆ ಒಲೆಯ ಪಕ್ಕದಿಂದ ಓಲಿಂಕಾ ಹೊರಟಳು. ಜನ ಸರಿದು ದಾರಿ ಬಿಟ್ಟರು. ಅವಳು ಪೆಟ್ಟಿಗೆಯ ಅಂಚು ಹಿಡಿದು, ಮಡಚಲಾಗದ ಕಾಲನ್ನು ಬದಿಗೆ ಚಾಚಿ, ಕಷ್ಟಪಟ್ಟು ನೆಲಕ್ಕೆ ಕುಳಿತಳು. ಅಪ್ಪನ ಕಿವಿಯ ಬಳಿ ಬಾಯಿಟ್ಟು ಏನೋ ಹೇಳತೊಡಗಿದಳು. ಅದು ಮುಗಿಯಲೇ ಇಲ್ಲ.

ಪಾದ್ರಿ ಕಿಟಕಿ ನೋಡಿದ, ಗಡಿಯಾರ ನೋಡಿದ. ಮುಚ್ಚಳ ಹಿಡಿದು ನಿಂತಿದ್ದ ಮಕ್ಸೀಮ್ ಅದನ್ನು ಮೆಲ್ಲನೆ ಗೋಡೆಗೆ ಒರಗಿಸಿದ.

"ಮೊಳೆ ಎಲ್ಲಿಟ್ನೋ ಮರೆತೇ ಹೋಯ್ತು ಫಾದರ್," ಎಂದು ಜೇಬು ತಡಕಾಡಿದ. "ಸ್ವಲ್ಪ ತಾಳಿ, ಹುಡುಕ್ತೀನಿ."

ಮೊಳೆಗಳು ಅವನ ಮುಷ್ಟಿಯಲ್ಲೇ ಇದ್ದುದನ್ನು ಗವ್ರೀಲ ನೋಡಿದ. ಅಗಾಫ್ಯಾಳೂ ನೋಡಿದಳು.

* * *

ಗುಡ್ಡದ ಮೇಲೆ ಹೊಂಡದ ಬುಡದಲ್ಲಿ ಮಂಜುಗಡ್ಡೆ ಕಾಣುತ್ತಿತ್ತು. ಮಣ್ಣು ಹಾಕುವ ಸಲಿಕೆ ಕೈಯಿಂದ ಕೈಗೆ ಸಾಗಿತು. ಓಲಿಂಕಾ ತನ್ನ ಪಾಲಿನ ಮಣ್ಣು ಹಾಕಿದಳು. ಪಕ್ಕದಲ್ಲಿದ್ದವನು ಗವ್ರೀಲ. ಅವಳು ಸಲಿಕೆಯನ್ನು ಅವನ ಕೈಗೆ ಕೊಡಲಿಲ್ಲ. ಹಿಡಿಗೆ ಅಂಟಿದ್ದ ಕೆಸರನ್ನು ತೋಳಿನಿಂದ ಒರೆಸಿ, ಮಣ್ಣಿನ ರಾಶಿಗೆ ಚುಚ್ಚಿ, ದೂರ ಸರಿದಳು. ಅವನು ಅದನ್ನು ರಾಶಿಯಿಂದ ಕಿತ್ತು ಹೊಂಡ ತುಂಬಿದ.

ಹಿಂದಿರುಗುವಾಗ ಅಗಾಫ್ಯಾ ಖಾಲಿ ಟ್ರೇಲರಿನಲ್ಲಿ ಕುಳಿತಳು. "ಬಾರೇ, ಜಾಗ ಇದೆ. ಕಾಲು ನೋಯುತ್ತೆ," ಎಂದು ಮಗಳನ್ನು ಕರೆದಳು.

"ನಡೀತೀನಮ್ಮ."

ಒಂದು ಗಾಡಿಯಷ್ಟೇ ಅಗಲದ ಹಲಗೆ ದಾರಿ. ಎರಡೂ ಕಡೆ ನೀರು ನಿಂತ ಜೌಗು. ಓಲಿಂಕಾ ಎಲ್ಲರಿಗಿಂತ ಮೊದಲೇ ಇಳಿದು ದಾರಿಯ ನಡುವೆ ನಡೆಯತೊಡಗಿದಳು. ಗವ್ರೀಲ ಗಾಡಿ ಚಾಲೂ ಮಾಡಿ, ಹತ್ತು ಹೆಜ್ಜೆ ಹಿಂದೆ ಹೊರಟ. ಹಾರ್ನ್ ಒತ್ತಲಿಲ್ಲ, ಹತ್ತಿರಕ್ಕೂ ಹೋಗಲಿಲ್ಲ. ಅವಳು ತಿರುಗಿ ನೋಡಲಿಲ್ಲ, ಬದಿಗೂ ಸರಿಯಲಿಲ್ಲ. ಅವನ ಹಿಂದೆ ಮಕ್ಸೀಮನ ಗಾಡಿ, ಅದರ ಹಿಂದೆ ಇನ್ನೊಂದು, ಮತ್ತೊಂದು, ಆಮೇಲೆ ನಡೆದು ಬರುವವರು. ಯಾರೂ ಅವಸರಪಡಿಸಲಿಲ್ಲ. ಮಂಜಿನಲ್ಲಿ ಇಡೀ ಊರು, ಒಂದು ಹೆಜ್ಜೆ ಜೋರು, ಒಂದು ಹೆಜ್ಜೆ ಮೆಲ್ಲಗೆ, ಅವಳ ಕಾಲು ಎಳೆದಷ್ಟೇ ವೇಗದಲ್ಲಿ ಗುಡ್ಡ ಇಳಿಯುತ್ತಿತ್ತು.